4,096 ವರ್ಡ್‌ಗಳಲ್ಲಿ ಕಲಿತ ಲೆಕ್ಕ

ಕಲಬುರಗಿ ಜಿಲ್ಲೆಯ ತೆಂಗಳಿಗೆ ಸಮೀಪದ ಮಳಖೇಡ 9ನೇ ಶತಮಾನದಲ್ಲಿ ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಸುಮಾರು 850ರಲ್ಲಿ ರಚಿಸಿದ ‘ಗಣಿತಸಾರ ಸಂಗ್ರಹ’ದಲ್ಲಿ 152207 × 73 = 11111111 ಎಂಬ ಗುಣಾಕಾರವಿದೆ. ಉತ್ತರದ ಎಂಟೂ ಅಂಕಿಗಳು 1. ಈ ಲೆಕ್ಕವನ್ನು 1965ರ ಮಿನಿಕಂಪ್ಯೂಟರಿನಿಂದ ಮಾಡಿಸಲು ಎಷ್ಟು ಹಣ, ಮೆಮೊರಿ, ಸಮಯ, ಹೆಜ್ಜೆಗಳು ಬೇಕಿದ್ದವು ಎಂದು ನೋಡಿದರೆ ಮೊದಲ ತಲೆಮಾರು ಪ್ರೋಗ್ರಾಮಿಂಗ್ ಕಲಿತ ಬಗೆ ತಿಳಿಯುತ್ತದೆ.

ಮೊದಲು ಬೆಲೆ. ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1965ರಲ್ಲಿ ಪಿಡಿಪಿ-8 ಯಂತ್ರವನ್ನು 18,000 ಡಾಲರಿಗೆ ಮಾರುಕಟ್ಟೆಗೆ ತಂದಿತು. ಆಗ ಡಾಲರಿಗೆ ₹4.76, ಅಂದರೆ ₹85,680. 1966ರ ಜೂನ್ 6ರ ಅಪಮೌಲ್ಯದ ನಂತರ ಡಾಲರಿಗೆ ₹7.50. ಡಾಲರ್ ಬೆಲೆ ಅಷ್ಟೇ ಇದ್ದರೂ ರೂಪಾಯಿ ಲೆಕ್ಕದಲ್ಲಿ ಅದು ₹1.35 ಲಕ್ಷ, ಶೇ 57.6ರಷ್ಟು ಏರಿಕೆ. ಸುಂಕ ಮತ್ತು ಸಾಗಣೆ ಇದರಲ್ಲಿ ಸೇರಿಲ್ಲ. ಯಂತ್ರ ಅದನ್ನು ಕೊಂಡ ಸಂಸ್ಥೆಯ ಆಸ್ತಿ. ಕಲಿಯುವವರ ಪಾಲಿಗೆ ಸರದಿಯ ಗಂಟೆಗಳು ಮಾತ್ರ.

ಮೂಲ ಯಂತ್ರದ ಮೆಮೊರಿ 4,096 ವರ್ಡ್. ಬಿಟ್ ಎಂದರೆ 0 ಅಥವಾ 1; ವರ್ಡ್ ಎಂದರೆ ಯಂತ್ರ ಒಂದೇ ಬಾರಿಗೆ ಹಿಡಿಯುವ ಬಿಟ್‌ಗಳ ಗುಂಪು, ಇಲ್ಲಿ 12. ಒಟ್ಟು 49,152 ಬಿಟ್, ಅಂದರೆ 8 ಬಿಟ್‌ಗೆ ಒಂದರಂತೆ 6,144 ಬೈಟ್. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಇಂದಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ಆ ಮೆಮೊರಿಯಲ್ಲಿ ಹಿಡಿಯುವುದು 2,048 ಸಂಕೇತ. ಈ ವರದಿ ಅದರಲ್ಲಿ ಪೂರ್ತಿ ಹಿಡಿಯುವುದಿಲ್ಲ.

ಪ್ರೋಗ್ರಾಮನ್ನು ಒಳಗೆ ಕಳಿಸುವುದಕ್ಕೂ ಲೆಕ್ಕವಿತ್ತು. ಮೊದಲು 16 ಆದೇಶಗಳ ಚಿಕ್ಕ ಪ್ರೋಗ್ರಾಮನ್ನು ಮುಂಫಲಕದ 12 ಸ್ವಿಚ್‌ಗಳಿಂದ ಕೈಯಾರೆ ತುಂಬಬೇಕು: 192 ಬಿಟ್. ಉಳಿದದ್ದು ರಂಧ್ರ ಕೊರೆದ ಕಾಗದದ ಟೇಪಿನಿಂದ. ಪ್ರತಿ ವರ್ಡ್‌ಗೆ ಟೇಪಿನ 2 ಸಾಲು; ಟೆಲಿಟೈಪ್ ಓದುವ ವೇಗ ಸೆಕೆಂಡಿಗೆ 10 ಸಾಲು. ಮೆಮೊರಿ ಪೂರ್ತಿ ತುಂಬಲು 8,192 ಸಾಲು, ಸುಮಾರು 21 ಮೀಟರ್ ಟೇಪ್, 13 ನಿಮಿಷ 39 ಸೆಕೆಂಡ್. ಒಂದು ಕೂಡಿಕೆಗೆ ಯಂತ್ರ ತೆಗೆದುಕೊಳ್ಳುತ್ತಿದ್ದುದು 3 ಮೈಕ್ರೊಸೆಕೆಂಡ್. ಲೆಕ್ಕಕ್ಕಿಂತ ಟೇಪ್ ಓದಿಸುವುದೇ ನಿಧಾನವಾಗಿದ್ದರಿಂದ ತಪ್ಪನ್ನು ಟೇಪ್ ಕೊರೆಯುವ ಮೊದಲೇ ಕಾಗದದ ಮೇಲೆ ಹುಡುಕುವುದು ರೂಢಿಯಾಯಿತು.

ಈಗ ಮಳಖೇಡದ ಗುಣಾಕಾರ. 12 ಬಿಟ್‌ನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 4,095. ಉತ್ತರವಾದ 11111111ಕ್ಕೆ 24 ಬಿಟ್, ಅಂದರೆ ಸರಿಯಾಗಿ 2 ವರ್ಡ್ ಬೇಕು. ಶಾಲೆಯಲ್ಲಿ ದಶಕ ಹಿಡಿದು ಕೂಡುವಂತೆ ಎರಡು ಭಾಗವಾಗಿ ಕೂಡಬೇಕು. ಮೂಲ ಯಂತ್ರದ ಆದೇಶಗಳಲ್ಲಿ ಗುಣಾಕಾರವಿಲ್ಲ. 152207 ಅನ್ನು ಮತ್ತೆ ಮತ್ತೆ ಕೂಡಿದರೆ 72 ಕೂಡಿಕೆ. ಆದರೆ 73 ಎಂದರೆ 64 + 8 + 1. ಸಂಖ್ಯೆಯನ್ನು 6 ಬಾರಿ ದುಪ್ಪಟ್ಟು ಮಾಡಿ, ನಡುವೆ ಸಿಕ್ಕ 1, 8, 64 ಪಟ್ಟುಗಳನ್ನು 2 ಬಾರಿ ಕೂಡಿದರೆ ಮುಗಿಯಿತು. 72ರ ಜಾಗದಲ್ಲಿ 8 ಹೆಜ್ಜೆ. ಉಳಿತಾಯ ಶೇ 88.9. ಇಂಥ ಉಳಿತಾಯವನ್ನು ತಾನೇ ಕಂಡುಕೊಂಡ ದಿನವನ್ನು ಕಲಿತವರು ಮರೆಯುವುದಿಲ್ಲ.

ಮಳಖೇಡದ ಸುತ್ತಲಿನ ಸೇಡಂ, ಚಿತ್ತಾಪುರ ಭಾಗಕ್ಕೆ ಇಂಥ ಯಂತ್ರಗಳ ದೇಶೀಯ ಕೇಂದ್ರ ಬೆಂಗಳೂರಿಗಿಂತ ಹತ್ತಿರವಿತ್ತು. 1874ರಲ್ಲಿ ತೆರೆದ ವಾಡಿ–ಸಿಕಂದರಾಬಾದ್ ರೈಲುಮಾರ್ಗ ಸೇಡಂ ಮೂಲಕವೇ ಹಾಯುತ್ತದೆ. ಅದರ ಇನ್ನೊಂದು ತುದಿಯ ಹೈದರಾಬಾದಿನಲ್ಲಿ 1967ರಲ್ಲಿ ಸರ್ಕಾರಿ ಸ್ವಾಮ್ಯದ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ (ಇಸಿಐಎಲ್) ಸ್ಥಾಪನೆಯಾಯಿತು. ಎರಡೇ ವರ್ಷಗಳಲ್ಲಿ, 1969ರಲ್ಲಿ, ಟಿಡಿಸಿ-12 ಬಂತು: ಟ್ರಾಂಬೆ ಡಿಜಿಟಲ್ ಕಂಪ್ಯೂಟರ್, 12 ಬಿಟ್.

ಮೈಸೂರಿನ ಎನ್‌ಐಇಯಲ್ಲಿ 1967ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದ ಎನ್.ಆರ್. ನಾರಾಯಣಮೂರ್ತಿ ಮುಂದೆ ಇದೇ ಇಸಿಐಎಲ್‌ಗಾಗಿ ಬೇಸಿಕ್ ಭಾಷೆಯ ಇಂಟರ್‌ಪ್ರಿಟರ್ ರೂಪಿಸಿದರು. ಇಂಟರ್‌ಪ್ರಿಟರ್ ಎಂದರೆ ಪ್ರೋಗ್ರಾಮಿನ ಒಂದೊಂದು ಸಾಲನ್ನು ಓದಿ ಆಗಲೇ ನಡೆಸುವ ತಂತ್ರಾಂಶ. 1981ರಲ್ಲಿ ಅವರೂ ಇತರ 6 ಮಂದಿಯೂ ಇನ್ಫೊಸಿಸ್ ಆರಂಭಿಸಿದಾಗ ಬಂಡವಾಳ ₹10,000. 1965ರ ಪಿಡಿಪಿ-8 ಬೆಲೆಯ ಶೇ 11.7 ಮಾತ್ರ. ಕಂಪನಿಗೆ ಮೊದಲ ಕಂಪ್ಯೂಟರ್, ಡೇಟಾ ಜನರಲ್ ಎಂವಿ-8000 ಮಿನಿ, ಬಂದದ್ದು 1983ರಲ್ಲಿ.

2021ರ ಜನವರಿಯಲ್ಲಿ ಬಂದ ರಾಸ್‌ಬೆರಿ ಪೈ ಪೀಕೊ ಎಂಬ ಕಲಿಕೆಯ ಬೋರ್ಡಿನ ಬೆಲೆ 4 ಡಾಲರ್, ಆಗಿನ ದರದಲ್ಲಿ ₹300ಕ್ಕೂ ಕಡಿಮೆ. ಮೆಮೊರಿ 264 ಕಿಲೊಬೈಟ್. ಪಿಡಿಪಿ-8ಕ್ಕೆ ಹೋಲಿಸಿದರೆ ಬೆಲೆ 4,500ರಲ್ಲಿ ಒಂದು ಪಾಲು, ಮೆಮೊರಿ 44 ಪಟ್ಟು. ಹಣದುಬ್ಬರ ಬಿಟ್ಟರೂ ಪ್ರತಿ ಕಿಲೊಬೈಟಿನ ವೆಚ್ಚ 1.98 ಲಕ್ಷದಲ್ಲಿ ಒಂದು ಪಾಲಿಗೆ ಇಳಿದಿದೆ.

ಬದಲಾಗದ ಅಂಕಿ ಒಂದಿದೆ. 72 ಹೆಜ್ಜೆಯನ್ನು 8ಕ್ಕೆ ಇಳಿಸುವ ಉಳಿತಾಯ 1965ರಲ್ಲೂ ಶೇ 88.9, ಇಂದೂ ಶೇ 88.9. ಮಳಖೇಡದ ಆ ಗುಣಾಕಾರವನ್ನು ತೆಂಗಳಿಯ ಮಗು ಹೀಗೆ ಬಿಡಿಸಿ ನೋಡಲು ಒಂದು ಹಾಳೆ, ಒಂದು ಪೆನ್ಸಿಲ್ ಸಾಕು. ಬೋರ್ಡು ಆಮೇಲೆ ಬರಲಿ. ಈ ಪಾಠ ಮೊದಲು ಬರಬೇಕು.