ತಕ್ಕಡಿಗೆ ಸಿಕ್ಕದ ಬೆಲೆ

ಹಳೆಯ ಒಡವೆಯೊಂದನ್ನು ಅಂಗಡಿಗೆ ಕೊಂಡೊಯ್ದರೆ ಅದರ ಪರೀಕ್ಷೆ ಎರಡು ಬಗೆಯಿಂದ ನಡೆಯುವುದು. ಒರೆಗಲ್ಲು ಚಿನ್ನದ ಮಟ್ಟವನ್ನು ಹೇಳುವುದು. ತಕ್ಕಡಿ ಅದರ ತೂಕವನ್ನು ಹೇಳುವುದು. ಅರಗನ್ನೂ ಕಲ್ಲನ್ನೂ ಕಳೆದು, ಉಳಿದುದಕ್ಕೆ ದರವನ್ನು ಕಟ್ಟಿ, ಒಡವೆಯನ್ನು ಮೂಸೆಗೆ ಹಾಕುವರು. ವ್ಯಾಪಾರದ ದೃಷ್ಟಿಯಿಂದ ಇದರಲ್ಲಿ ಅನ್ಯಾಯವೇನೂ ಇಲ್ಲ. ಆದರೆ ಈ ಲೆಕ್ಕಕ್ಕೆ ಸೇರದ ಭಾಗವೊಂದು ಒಡವೆಯಲ್ಲಿ ಉಂಟು. ಅದು ಅದರ ಅರ್ಥ. ನಮ್ಮ ಹಿರಿಯರು ಕೇವಲ ಅಲಂಕಾರಕ್ಕೆಂದು ಒಡವೆಯನ್ನು ಮಾಡಿಸಲಿಲ್ಲ. ತೊಡುವವಳಿಗೆ ಒಂದು ಹಾರೈಕೆಯನ್ನೂ ಅದರಲ್ಲಿ ಇರಿಸಿದರು. ಅದನ್ನು ಓದುವ ಬಗೆ ಯಾವುದೆಂದು ಸ್ವಲ್ಪ ವಿಚಾರಮಾಡೋಣ.

ಮದುವಣಗಿತ್ತಿಯ ಜಡೆಬಂಗಾರವನ್ನೇ ತೆಗೆದುಕೊಳ್ಳೋಣ. ನೆತ್ತಿಯ ಹಿಂದೆ ಗುಂಡಾದ ರಾಗಟೆಯು ಸೂರ್ಯನ ಗುರುತು. ಅದರ ಕೆಳಗೆ ಬಾಲಚಂದ್ರ, ಅದರಡಿಯಲ್ಲಿ ಕೇದಗೆ. ಆ ಬಳಿಕ ಹೆಡೆಯೆತ್ತಿದ ನಾಗನು ಜಡೆಯುದ್ದಕ್ಕೂ ಇಳಿದು ಕುಚ್ಚಿನಲ್ಲಿ ಮುಗಿಯುವನು. ಹಗಲು ರಾತ್ರಿಗಳ ಒಡೆಯರಿಬ್ಬರೂ ಕಾವಲಿರಲಿ, ವಂಶವು ಬೆಳೆಯಲಿ ಎಂಬುದು ಇದರ ತಾತ್ಪರ್ಯ. ಸಂತಾನಕ್ಕಾಗಿ ಅಶ್ವತ್ಥದ ಕಟ್ಟೆಯಲ್ಲಿ ನಾಗರಕಲ್ಲನ್ನು ನಿಲ್ಲಿಸುವ ನಾಡಿನಲ್ಲಿ ಹಾವು ಮಂಗಳದ ಗುರುತಾದುದು ಸಹಜವೇ ಸರಿ. ತೋಳಿನ ನಾಗಮುರಿಗೆಯಲ್ಲಿ ಸುತ್ತಿಕೊಂಡಿರುವವನೂ ಇವನೇ. ಇಂಗ್ಲೆಂಡಿನಲ್ಲಿಯೂ 1839ರಲ್ಲಿ ವಿಕ್ಟೋರಿಯಾ ರಾಣಿಗೆ ಮದುವೆ ನಿಶ್ಚಯವಾದಾಗ ಆಲ್ಬರ್ಟ್ ರಾಜಕುಮಾರನು ಕೊಟ್ಟುದು ಹಾವಿನ ಆಕಾರದ ಉಂಗುರವನ್ನು. ಅಲ್ಲಿ ಅದಕ್ಕೆ ಕೊನೆಯಿಲ್ಲದ ಪ್ರೇಮವೆಂದು ಅರ್ಥ. ಆಕಾರ ಒಂದೇ ಆದರೂ ಅರ್ಥವನ್ನು ಕೊಡುವುದು ಆಯಾ ನಾಡಿನ ಬಾಳು.

ಇನ್ನು ನವರತ್ನದ ಪದಕ. ನಡುವೆ ಸೂರ್ಯನಿಗಾಗಿ ಮಾಣಿಕ್ಯ; ಸುತ್ತಲೂ ಚಂದ್ರನಿಗೆ ಮುತ್ತು, ಕುಜನಿಗೆ ಹವಳ, ಬುಧನಿಗೆ ಪಚ್ಚೆ, ಗುರುವಿಗೆ ಪುಷ್ಯರಾಗ, ಶುಕ್ರನಿಗೆ ವಜ್ರ, ಶನಿಗೆ ನೀಲ, ರಾಹುವಿಗೆ ಗೋಮೇಧಿಕ, ಕೇತುವಿಗೆ ವೈಡೂರ್ಯ. ಗ್ರಹಫಲದಲ್ಲಿ ನಂಬಿಕೆಯಿಲ್ಲದವರಿಗೂ ಇದರಲ್ಲಿ ಓದತಕ್ಕ ಚರಿತ್ರೆಯಿದೆ. ಹಿಂದೆ ಒಳ್ಳೆಯ ಮಾಣಿಕ್ಯವು ಬರ್ಮಾದ ಮೊಗೋಕಿನಿಂದಲೂ, ಮುತ್ತು ಮನ್ನಾರಿನ ಕೊಲ್ಲಿ ಮತ್ತು ಪರ್ಷಿಯಾದ ಕೊಲ್ಲಿಗಳಿಂದಲೂ, ವಜ್ರವು ಕೃಷ್ಣಾತೀರದ ಗಣಿಗಳಿಂದಲೂ ದೊರೆಯುತ್ತಿದ್ದಿತು. 16ನೆಯ ಶತಮಾನದಿಂದ ದಕ್ಷಿಣ ಅಮೆರಿಕದ ಕೊಲಂಬಿಯಾದ ಪಚ್ಚೆಯು ಕಡಲನ್ನು ದಾಟಿ ಗೋವೆಯ ಪೇಟೆಗೆ ಬರತೊಡಗಿತು. ಅಂಗೈಯಗಲದ ಪದಕವೊಂದರಲ್ಲಿ ಎಷ್ಟು ದೇಶಗಳು ಕೂಡಿರಬಹುದೆಂಬುದನ್ನು ಊಹಿಸಬಹುದು.

ಹಳೆಯ ಕೆಂಪುಗಳೆಲ್ಲವೂ ಮಾಣಿಕ್ಯವಲ್ಲ. ಸ್ಪಿನೆಲ್ ಎಂಬ ಬೇರೆ ಜಾತಿಯ ಕೆಂಪು ಕಲ್ಲನ್ನು ಬಹುಕಾಲ ಮಾಣಿಕ್ಯವೆಂದೇ ಎಣಿಸಿದ್ದರು. ಇಂಗ್ಲೆಂಡಿನ ರಾಜಕಿರೀಟದಲ್ಲಿ ಬ್ಲಾಕ್ ಪ್ರಿನ್ಸನ ಮಾಣಿಕ್ಯವೆಂದು ಹೆಸರಾದ ಕಲ್ಲು ಕೂಡ ಸ್ಪಿನೆಲ್ಲೇ. 1902ರಲ್ಲಿ ಫ್ರಾನ್ಸಿನ ವೆರ್ನೆಯಿ ಎಂಬ ವಿಜ್ಞಾನಿಯು ಕೃತಕ ಮಾಣಿಕ್ಯದ ವಿಧಾನವನ್ನು ಪ್ರಕಟಿಸಿದ ಮೇಲೆ, ಮನುಷ್ಯನು ಮಾಡಿದ ಕೆಂಪೂ ಒಡವೆಗಳಿಗೆ ಸೇರಿತು. ಆದರೆ ಕಲ್ಲಿನ ಜಾತಿ ತಿಳಿದ ಮಾತ್ರಕ್ಕೆ ಒಡವೆಯ ಹಾರೈಕೆಯು ಸುಳ್ಳಾಗುವುದಿಲ್ಲ.

ಮೈಸೂರಿನ ಅರಸರ ಲಾಂಛನವಾದ ಗಂಡಭೇರುಂಡದ ವಂಶಾವಳಿ ಇನ್ನೂ ಉದ್ದವಾದುದು. ಬಳ್ಳಿಗಾವೆಯ ಕಂಬವು 1047ರಲ್ಲಿಯೇ ಅದನ್ನು ಹೊತ್ತು ನಿಂತಿತು. ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯಗಳಲ್ಲಿ ಅದು ಆನೆಗಳನ್ನು ಹಿಡಿದೆತ್ತಿರುವುದು. ಇಂತಹ ಪಕ್ಷಿಯನ್ನುಳ್ಳ ಪದಕವನ್ನು ಕರಗಿಸಿದರೆ ಆ ಪರಂಪರೆಯ ಒಂದು ಎಳೆ ಕಡಿದಂತೆ.

ಇವನ್ನೆಲ್ಲ ಮಾಡಿದ ಬಗೆಯೂ ತಿಳಿಯತಕ್ಕದ್ದು. ಕುಂದಣದ ಕೆಲಸದಲ್ಲಿ ಪುಟವಿಟ್ಟ ಅಪ್ಪಟ ಚಿನ್ನವನ್ನು ತೆಳುವಾಗಿ ಬಡಿದು, ಬೆಂಕಿಯನ್ನು ಸೋಂಕಿಸದೆ, ಉಕ್ಕಿನ ಮೊನೆಯಿಂದ ಕಲ್ಲಿನ ಸುತ್ತಲೂ ಒತ್ತುವರು. ಅಪ್ಪಟ ಚಿನ್ನವು ಬೆಸುಗೆಯಿಲ್ಲದೆಯೇ ತನ್ನಲ್ಲಿ ತಾನು ಕೂಡಿಕೊಳ್ಳುವುದು. ಕಲ್ಲಿನಡಿಯಲ್ಲಿ ಹೊಳೆಯುವ ತೆಳು ತಗಡು, ಒಳಗಡೆ ಅರಗು. ಆದುದರಿಂದ ಇಂತಹ ಒಡವೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ ತೊಳೆಯಬಾರದು. ತೇವವು ಒಳಹೊಕ್ಕರೆ ತಗಡು ಕಪ್ಪಾಗಿ ಕಲ್ಲಿನ ಕಾಂತಿ ಕುಂದುವುದು.

ಈ ವಿದ್ಯೆಗೆ ಸ್ವತಂತ್ರ ಭಾರತದಲ್ಲಿಯೂ ಒಂದು ಪೆಟ್ಟು ಬಿದ್ದಿತು. 1963ರ ಸ್ವರ್ಣನಿಯಂತ್ರಣದ ನಿಯಮಗಳು 14 ಕ್ಯಾರೆಟ್ಟಿಗೆ ಮೇಲ್ಪಟ್ಟ ಹೊಸ ಒಡವೆಯನ್ನು ಮಾಡಕೂಡದೆಂದುವು. ಅಪ್ಪಟ ಚಿನ್ನವಿಲ್ಲದೆ ಕುಂದಣವೆಲ್ಲಿ? ಅನೇಕ ಅಕ್ಕಸಾಲಿಗರು ಕಸಬನ್ನೇ ಬಿಡಬೇಕಾಯಿತು. 1968ರಲ್ಲಿ ಬಂದ ನಿಯಂತ್ರಣದ ಕಾಯಿದೆಯು 1990ರಲ್ಲಿ ರದ್ದಾಯಿತು. ಆದರೆ ತಂದೆಯಿಂದ ಮಗನಿಗೆ ಬಾರದೆ ನಿಂತುಹೋದ ಕೈಚಳಕವನ್ನು ಯಾವ ರದ್ದಿಯೂ ಮರಳಿ ತಾರದು.

ಕಷ್ಟಕಾಲಕ್ಕೆ ಒದಗಲೆಂದೇ ಹೆಣ್ಣಿಗೆ ಚಿನ್ನವನ್ನು ಕೊಡುತ್ತಿದ್ದುದು. ಆದುದರಿಂದ ಯಾವ ಒಡವೆಯನ್ನೂ ಮಾರಬಾರದೆಂದು ನಾವು ಹೇಳುವುದಿಲ್ಲ. ಬರಿಯ ಹೊಸ ಮಾದರಿಯ ಆಸೆಗಾಗಿ ಕರಗಿಸುವ ಮುನ್ನ ಅದನ್ನೊಮ್ಮೆ ಹಿಂದುಮುಂದಾಗಿ ನೋಡಿರಿ; ಕಣ್ಣಿಗೆ ಕಾಣದ ಹಿಂಬದಿಯಲ್ಲಿಯೂ ಬಳ್ಳಿಯನ್ನೋ ಗಿಳಿಯನ್ನೋ ಕೊರೆದಿರಬಹುದು. ಮನೆಯ ಹಿರಿಯ ಹೆಂಗಸರಿಂದ ಅದರ ಹೆಸರನ್ನೂ, ಯಾರ ಮದುವೆಗೆ ಮಾಡಿಸಿದುದೆಂಬುದನ್ನೂ ಕೇಳಿ ಬರೆದಿಡಿರಿ. ಒಂದು ಛಾಯಾಚಿತ್ರವನ್ನು ತೆಗೆಯಿಸಿರಿ. ಇಷ್ಟಾದ ಮೇಲೆ ಮೂಸೆಗೆ ಹಾಕಬೇಕೆ ಬೇಡವೆ ಎಂಬುದನ್ನು ನಿರ್ಧರಿಸಲು ಅವಕಾಶವು ಇದ್ದೇ ಇದೆ.