ಬಸವನಗುಡಿ ಬ್ಯಾಂಕಿನಲ್ಲಿ ದುರಾಸೆ ಯಾರದ್ದು?

ದುರಾಸೆ ಅಂದ್ರೆ 'ವಾಲ್ ಸ್ಟ್ರೀಟ್' ಸಿನಿಮಾದ ಸೂಟು-ಬೂಟು ಮಾತ್ರಾನಾ?
ಬಸವನಗುಡಿಗೆ ಬನ್ನಿ.

2020ರ ಜನವರಿ. ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕ್.
ರಿಸರ್ವ್ ಬ್ಯಾಂಕ್ ಆದೇಶ ಬಂತು:
ಖಾತೆಯಲ್ಲಿ ಎಷ್ಟೇ ಇರಲಿ, ತೆಗೆಯೋಕೆ 35,000 ರೂಪಾಯಿ ಮಾತ್ರ.
ಪಾಸ್‌ಬುಕ್ ಹಿಡಿದು ಓಡಿ ಬಂದವರಲ್ಲಿ ಎಷ್ಟೋ ಜನ ಪಿಂಚಣಿದಾರರು.

"ಹೆಚ್ಚು ಬಡ್ಡಿಗೆ ಆಸೆಪಟ್ರು, ಅನುಭವಿಸಲಿ" ಅಂತಾರೆ ಕೆಲವರು.
ನಾನು ಒಪ್ಪಲ್ಲ.
ಬಡ್ಡಿ ಹೆಚ್ಚಿತ್ತು, ನಿಜ.
ಆದ್ರೆ ಅದು ಲೈಸೆನ್ಸ್ ಇದ್ದ, ವರ್ಷಾವರ್ಷ ಆಡಿಟ್ ಆಗೋ ಬ್ಯಾಂಕು.
ತನಿಖೆಯಲ್ಲಿ ಬಂದ ಆರೋಪ ಏನು ಗೊತ್ತಾ?
ಕೆಲವೇ ಸಾಲಗಾರರಿಗೆ ಕೋಟಿಗಟ್ಟಲೆ ಹಣ.
ವಾಪಸ್ ಬಾರದ ಸಾಲ ಮುಚ್ಚಿಡೋಕೆ ಸುಳ್ಳು ಲೆಕ್ಕ.
ತೂತು ಕೊಡಕ್ಕೆ ಬಣ್ಣ ಬಳಿದ ಹಾಗೆ.
ಹೊರಗೆ ನಿಂತ ಠೇವಣಿದಾರರಿಗೆ ತೂತು ಕಾಣೋದಾದ್ರೂ ಹೇಗೆ?

ಆಗ ಠೇವಣಿ ವಿಮೆ 1 ಲಕ್ಷಕ್ಕೆ ಮಾತ್ರ.
ಮುಂದಿನ ತಿಂಗಳೇ 5 ಲಕ್ಷ ಆಯ್ತು.
ಅದಕ್ಕಿಂತ ಹೆಚ್ಚು ಇಟ್ಟವರು ವರ್ಷಗಟ್ಟಲೆ ಕಾದ್ರು.