ಡ್ರಮ್ಮಿನ ಬಿಗಿತ, ಡ್ರಮ್ಮಿನ ದನಿ

ಗಿಟಾರ್ ಕಲಿಯುವ ಹುಡುಗ ದಿನವೂ ತಂತಿ ತಿರುವಿ ಶ್ರುತಿ ನೋಡುತ್ತಾನೆ. ಅವನ ಜೊತೆಗಾರ ಡ್ರಮ್ ಸೆಟ್ ಕೊಂಡಿದ್ದರೆ, ಅದರ ಜೊತೆ ಬಂದ ಪುಟ್ಟ ಕೀಲಿ ಪೊಟ್ಟಣದಿಂದ ಹೊರಗೇ ಬಂದಿರುವುದಿಲ್ಲ. ಟಾಮ್‌ಗೆ ಹೊಡೆದರೆ "ಡೊಂಯ್ಯ್" ಎಂದು ಊಳಿಡುತ್ತದೆ, ಸ್ನೇರ್ ತಗಡಿನಂತೆ ಕಿರುಚುತ್ತದೆ. ಅಗ್ಗದ ಸೆಟ್ ಇರಬೇಕು ಎಂದುಕೊಂಡು ಅವನು ದುಬಾರಿ ಸೆಟ್ಟಿನ ಬೆಲೆ ವಿಚಾರಿಸತೊಡಗುತ್ತಾನೆ. ಬಹಳ ಸಲ ಮರದಲ್ಲಿ ದೋಷವಿರುವುದಿಲ್ಲ. ಅದೇ ಸೆಟ್ಟನ್ನು ಬಲ್ಲವರು ಅರ್ಧ ಗಂಟೆ ಕೂತು ಬಿಗಿ ಮಾಡಿದರೆ ದನಿ ಗುರುತು ಸಿಗದಷ್ಟು ಬದಲಾಗುತ್ತದೆ.

ಹೊಸಬರು ಮೊದಲು ಕೇಳುವುದು, "ಯಾವ ಸ್ವರಕ್ಕೆ ಕೂಡಿಸಬೇಕು?" ಎಂದು. ಆ ಪ್ರಶ್ನೆ ಆಮೇಲಿನದು. ಏಕೆಂದರೆ ಡ್ರಮ್ಮಿನ ಹೆಡ್, ಅಂದರೆ ಅದರ ಮುಚ್ಚಿಗೆ, ತಂತಿಯ ಹಾಗೆ ಸ್ವರ ಹಿಡಿಯುವ ವಸ್ತುವಲ್ಲ. ಮೀಟಿದ ತಂತಿ 100 ಹರ್ಟ್ಸ್‌ನಲ್ಲಿ ಕಂಪಿಸುವಾಗ ಜೊತೆಗೇ 200, 300, 400 ಹರ್ಟ್ಸ್‌ನಲ್ಲೂ ಕಂಪಿಸುತ್ತಿರುತ್ತದೆ. ಎಲ್ಲವೂ ಮೂಲದ ಪೂರ್ಣ ಗುಣಕಗಳಾದ್ದರಿಂದ ಕಿವಿ ಅವನ್ನು ಬೆಸೆದು ಒಂದೇ ಸ್ವರವಾಗಿ ಕೇಳುತ್ತದೆ. ಎಲ್ಲೆಡೆ ಒಂದೇ ದಪ್ಪವಿರುವ, ಸಮವಾಗಿ ಎಳೆದ ದುಂಡು ಪೊರೆಯ ಲೆಕ್ಕ ಬೇರೆ. ಅದರ ಮೂಲ ಕಂಪನ 150 ಹರ್ಟ್ಸ್ ಆದರೆ ಮೇಲಿನವು ಸುಮಾರು 239, 320, 344, 398. ಗುಣಕಗಳು 1.59, 2.14, 2.30, 2.65 ಎಂದು ಅಡ್ಡಾದಿಡ್ಡಿಯಾಗಿ ಏರುತ್ತವೆ. ಒಳಗಿನ ಗಾಳಿಯ ಭಾರದಿಂದ ನಿಜವಾದ ಡ್ರಮ್ಮಿನಲ್ಲಿ ಈ ಅಂಕಿಗಳು ಜರುಗುತ್ತವಾದರೂ, ತಂತಿಯ ಅಚ್ಚುಕಟ್ಟು ಬರುವುದಿಲ್ಲ.

ನಮ್ಮ ಮೃದಂಗ, ತಬಲಾಗಳು ಈ ತೊಡಕನ್ನು ದಾಟಿದ್ದು ಮುಚ್ಚಿಗೆಯ ನಡುವೆ ಮೆತ್ತುವ ಕಪ್ಪು ಕರಣೆಯಿಂದ. ನಡುಭಾಗ ಭಾರವಾದಾಗ ಕಂಪನಗಳು ಜರುಗಿ ಪೂರ್ಣ ಗುಣಕಗಳ ಬಳಿ ಬಂದು ಕೂರುತ್ತವೆ. ಸಿ.ವಿ. ರಾಮನ್ ಈ ಬಗ್ಗೆ 1920ರಲ್ಲಿ ಶಿವಕಾಳಿ ಕುಮಾರ್ ಜೊತೆ 'ನೇಚರ್' ಪತ್ರಿಕೆಯಲ್ಲಿ ಬರೆದರು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ತಾವೇ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯ ಮೊದಲ ಸಂಪುಟದಲ್ಲೇ ವಿಸ್ತಾರವಾದ ಲೇಖನ ಪ್ರಕಟಿಸಿದರು. ಮುಚ್ಚಿಗೆಯ ಮೊದಲ ಒಂಬತ್ತು ಕಂಪನ ರೂಪಗಳು ಒಟ್ಟುಗೂಡಿ ಐದೇ ಸ್ವರಗಳಾಗುವುದನ್ನು ಅವರು ಅಲ್ಲಿ ತೋರಿಸಿದ್ದಾರೆ. ನೊಬೆಲ್ ಪಡೆದ ಭೌತವಿಜ್ಞಾನಿ ಮುಚ್ಚಿಗೆಯ ಮೇಲೆ ಸಣ್ಣ ಮರಳು ಉದುರಿಸಿ, ಅದು ಸರಿದು ಗೆರೆಗಟ್ಟುವುದನ್ನು ನೋಡುತ್ತಿದ್ದರೆಂಬುದು ನನಗೆ ಬಹಳ ಪ್ರಿಯವಾದ ಸಂಗತಿ.

ಡ್ರಮ್ ಸೆಟ್ಟಿನ ಹೆಡ್‌ಗೆ ಕರಣೆ ಇಲ್ಲ. ಹಾಗಿದ್ದರೆ ಅಲ್ಲಿ ಶ್ರುತಿ ಮಾಡುವುದೆಂದರೆ ಏನು? ಮೊದಲಿಗೆ, ಪೊರೆಯ ಬಿಗಿತ ಸುತ್ತಲೂ ಒಂದೇ ಆಗುವಂತೆ ಮಾಡುವುದು. ಬಿಗಿತ ಸಮವಿಲ್ಲದಿದ್ದರೆ ಕಿವಿ ಅದನ್ನು ಹಿಡಿಯುವ ಬಗೆಯೇ ಈ ವಿದ್ಯೆಯ ತಿರುಳು.

ಮೂಲ ಕಂಪನದಲ್ಲಿ ಪೊರೆಯೆಲ್ಲ ಒಟ್ಟಿಗೆ ಮೇಲೆ ಕೆಳಗೆ ಆಡುತ್ತದೆ. ಅದರ ಮೇಲಿನ ಕಂಪನದಲ್ಲಿ, ನಮ್ಮ ಉದಾಹರಣೆಯ 239 ಹರ್ಟ್ಸ್‌ನಲ್ಲಿ, ನಡುವೆ ಹಾಯುವ ಒಂದು ಗೆರೆ ಅಲುಗದೆ ನಿಲ್ಲುತ್ತದೆ. ಒಂದು ಪಕ್ಕ ಏರಿದಾಗ ಇನ್ನೊಂದು ಪಕ್ಕ ಇಳಿಯುತ್ತದೆ. ಆ ನಿಸ್ಪಂದ ರೇಖೆ ಉತ್ತರ-ದಕ್ಷಿಣವಾಗಿ ಇರಬಹುದು, ಪೂರ್ವ-ಪಶ್ಚಿಮವಾಗಿಯೂ ಇರಬಹುದು. ಬಿಗಿತ ಸಮವಿದ್ದರೆ ಎರಡರ ಆವರ್ತನವೂ ಒಂದೇ. ಒಂದು ದಿಕ್ಕಿನಲ್ಲಿ ಎಳೆತ ತುಸು ಹೆಚ್ಚಿದ್ದರೆ ಒಂದು 240, ಇನ್ನೊಂದು 236 ಎಂದು ಬೇರೆಯಾಗುತ್ತವೆ. ಎರಡೂ ಒಟ್ಟಿಗೆ ಮೊಳಗಿದಾಗ ದನಿ ಸೆಕೆಂಡಿಗೆ ನಾಲ್ಕು ಸಲ ಉಬ್ಬಿ ಕುಗ್ಗುತ್ತದೆ. ಭೌತವಿಜ್ಞಾನದ ಪಾಠದಲ್ಲಿ ಬೀಟ್ಸ್ ಎಂದು ಓದಿದ್ದು ಇದನ್ನೇ. ಟಾಮ್‌ನ "ವೊಂಯ್ ವೊಂಯ್" ಊಳಿಗೆ ಬಹುಮಟ್ಟಿಗೆ ಇದೇ ಕಾರಣ.

ಆದ್ದರಿಂದ ಸ್ವರಜ್ಞಾನ ಇಲ್ಲದವರೂ ಡ್ರಮ್ ಕೂಡಿಸಬಲ್ಲರು. ಹೆಡ್‌ನ ನಡುಬಿಂದುವಿನ ಮೇಲೆ ಬೆರಳನ್ನು ಹಗುರವಾಗಿ ಇಡಿ. ನಿಸ್ಪಂದ ರೇಖೆ ಅಲ್ಲೇ ಹಾಯುವುದರಿಂದ ಈ ಕಂಪನಕ್ಕೆ ಬೆರಳು ಅಡ್ಡಿಯಲ್ಲ, ಮೂಲ ಕಂಪನ ಮಾತ್ರ ಅಡಗುತ್ತದೆ. ಈಗ ಅಂಚಿನಿಂದ ಒಂದಿಂಚು ಒಳಗೆ, ಹೆಡ್ಡನ್ನು ಬಿಗಿಯುವ ಪ್ರತಿ ಬೋಲ್ಟಿನ ಎದುರು, ಕಡ್ಡಿಯಿಂದ ಮೆಲ್ಲಗೆ ತಟ್ಟುತ್ತ ಸುತ್ತು ಬನ್ನಿ. ಎಲ್ಲಿ ದನಿ ಏರಿದೆ, ಎಲ್ಲಿ ಇಳಿದಿದೆ ಎಂಬುದು ತಿಳಿಯುತ್ತದೆ. ಮೃದಂಗ ವಿದ್ವಾಂಸರು ಕಛೇರಿಗೆ ಮುಂಚೆ ಬಲಗಡೆಯ ಅಂಚಿನುದ್ದಕ್ಕೂ ಬೆರಳಾಡಿಸಿ, ಬೇಕಾದಲ್ಲಿ ಕಲ್ಲಿನಿಂದ ಏಟು ಹಾಕುವುದು ಇದೇ ಕೆಲಸಕ್ಕೆ.

ಬಿಗಿಯುವ ಕ್ರಮ ಹೀಗೆ. ಮೊದಲು ಎಲ್ಲ ಬೋಲ್ಟುಗಳನ್ನೂ ಬೆರಳಿಗೆ ತಿರುಗುವಷ್ಟು ತಿರುವಿ. ಬಳಿಕ ಕೀ ಹಾಕಿ ಅರ್ಧ ಸುತ್ತು, ಆಮೇಲೆ ಕಾಲು ಸುತ್ತು, ಯಾವಾಗಲೂ ಒಂದಾದ ಮೇಲೆ ಅದರ ನೇರ ಎದುರಿನದು, ಕಾರಿನ ಚಕ್ರದ ನಟ್ಟು ಬಿಗಿಯುವ ಮೆಕ್ಯಾನಿಕ್ ಮಾಡುವ ಹಾಗೆ. ಪಕ್ಕಪಕ್ಕದವನ್ನೇ ಬಿಗಿಯುತ್ತ ಹೋದರೆ ಹೆಡ್ಡನ್ನು ಒತ್ತಿಹಿಡಿಯುವ ಕಬ್ಬಿಣದ ಬಳೆ ಓರೆಯಾಗಿ ಕೂರುತ್ತದೆ. ಇಲ್ಲಿನ ಬಲ ಸಣ್ಣದಲ್ಲ. 12 ಇಂಚಿನ ಟಾಮ್‌ಗೆ ಕಾಲು ಮಿಲಿಮೀಟರ್ ದಪ್ಪದ ಹೆಡ್ ಹಾಕಿ 150 ಹರ್ಟ್ಸ್‌ಗೆ ತರಬೇಕಾದರೆ, ಲೆಕ್ಕದ ಪ್ರಕಾರ, ಅಂಚಿನ ಸುತ್ತ ಒಟ್ಟು ಸುಮಾರು 120 ಕಿಲೋ ಭಾರದಷ್ಟು ಎಳೆತ ಬೇಕು. ಆರು ಬೋಲ್ಟುಗಳಿದ್ದರೆ ತಲಾ 20 ಕಿಲೋ. ಆವರ್ತನ ಬಿಗಿತದ ವರ್ಗಮೂಲಕ್ಕೆ ತಕ್ಕಂತೆ ಏರುವುದರಿಂದ ಒಂದು ಸ್ಥಾಯಿ ಮೇಲೇರಿಸಲು ಬಿಗಿತ ನಾಲ್ಕು ಪಟ್ಟಾಗಬೇಕು. ಪ್ರತಿ ಡ್ರಮ್ಮಿಗೂ ಅದರ ಅಳತೆಗೆ ಹೊಂದುವ ಒಂದು ವ್ಯಾಪ್ತಿ ಇರುವುದು ಇದರಿಂದಲೇ. ಒಂದು ಬೋಲ್ಟಿನ ದನಿ ಏರಿದೆ ಅನಿಸಿದರೆ, ಬೇಕಾದ ಜಾಗಕ್ಕಿಂತ ಕೆಳಗೆ ಸಡಿಲಿಸಿ ಮತ್ತೆ ಮೇಲಕ್ಕೆ ತನ್ನಿ. ಇಳಿಸುತ್ತ ನಿಲ್ಲಿಸಿದರೆ ಬೋಲ್ಟಿನ ತಿರುಪಿನ ಘರ್ಷಣೆ ಬಿಗಿತವನ್ನು ಅರೆಬರೆ ಹಿಡಿದಿಟ್ಟುಕೊಂಡು, ನಾಲ್ಕು ಏಟು ಬಿದ್ದ ಮೇಲೆ ಬಿಟ್ಟುಕೊಡುತ್ತದೆ.

ಹೊಸಬರು ಕಡೆಗಣಿಸುವುದು ಕೆಳಗಿನ ಹೆಡ್ಡನ್ನು. ಕೋಲು ಬೀಳುವುದು ಮೇಲೆ, ಆದರೆ ಒಳಗಿನ ಗಾಳಿ ಎರಡನ್ನೂ ಕಟ್ಟಿಹಾಕಿದೆ. ಎರಡೂ ಒಂದೇ ದಿಕ್ಕಿಗೆ ಆಡುವಾಗ ಗಾಳಿಯೂ ಜೊತೆಗೆ ಸಾಗುತ್ತದೆ, ದನಿ ತಗ್ಗುತ್ತದೆ. ಎದುರುಬದುರಾಗಿ ಆಡುವಾಗ ನಡುವಿನ ಗಾಳಿ ಹಿಸುಕಿ ಸ್ಪ್ರಿಂಗ್ ಆಗುತ್ತದೆ, ದನಿ ಏರುತ್ತದೆ. ಹಾಗಾಗಿ ಒಂದೇ ಮೂಲ ಕಂಪನ ಎರಡಾಗಿ ಒಡೆಯುತ್ತದೆ. ಎರಡೂ ಹೆಡ್ ಒಂದೇ ಎತ್ತರದಲ್ಲಿದ್ದರೆ ನಾದ ಉದ್ದಕ್ಕೆ ನಿಲ್ಲುತ್ತದೆ, ಅಂತರವಿದ್ದರೆ ಬೇಗ ಸಾಯುತ್ತದೆ. ನನ್ನ ಮಟ್ಟಿಗೆ ಹೊಸಬರು ಟಾಮ್‌ನ ಎರಡೂ ಹೆಡ್‌ಗಳನ್ನು ಮೊದಲು ಒಂದೇ ಮಾಡಿ, ನಂತರ ಕೆಳಗಿನದನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಕೇಳುವುದು ಒಳ್ಳೆಯದು. ಯಾವ ಅಂತರ ಹಿತ ಎಂಬುದನ್ನು ಆ ಕೋಣೆಯೂ ಆ ಹಾಡೂ ತೀರ್ಮಾನಿಸುತ್ತವೆ.

ಸ್ನೇರ್‌ನ ಕೆಳಹೆಡ್ ತೀರ ತೆಳು. ಅದನ್ನು ಬಿಗಿಯಾಗಿಯೇ ಎಳೆದಿದ್ದರೆ ಅದಕ್ಕೆ ತಾಗಿಸಿ ಕಟ್ಟಿದ ತಂತಿಗಳು ಚುರುಕಾಗಿ ಉಲಿಯುತ್ತವೆ. ಟಾಮ್ ಹೊಡೆದಾಗಲೆಲ್ಲ ಸ್ನೇರ್ ತಾನಾಗಿ "ಝರ್ರ್" ಎನ್ನುತ್ತಿದ್ದರೆ ಇವೆರಡರ ಆವರ್ತನ ಹತ್ತಿರವಿದ್ದು ಅನುರಣನ ಆಗುತ್ತಿದೆ ಎಂದರ್ಥ. ತಂತಿ ಸಡಿಲಿಸುವ ಬದಲು ಆ ಟಾಮನ್ನು ತುಸು ಮೇಲೋ ಕೆಳಗೋ ಸರಿಸಿ ನೋಡಿ. ಬಾಸ್ ಡ್ರಮ್‌ಗೆ ಹೆಡ್ ಸುಕ್ಕು ಬಿಡುವಷ್ಟು ಬಿಗಿತ, ಒಳಗೊಂದು ಕಂಬಳಿ, ಆರಂಭಕ್ಕೆ ಅಷ್ಟು ಸಾಕು.

ಚರ್ಮದ ಹೆಡ್‌ಗಳಿದ್ದ ಕಾಲದಲ್ಲಿ ಈ ಕೆಲಸ ಇನ್ನೂ ಕಷ್ಟದ್ದಾಗಿತ್ತು. ಚರ್ಮ ತೇವ ಹೀರಿ ಸಡಿಲಾಗುತ್ತದೆ. ತಮಟೆಯವರು ಬಾರಿಸುವ ಮೊದಲು ಬೆಂಕಿಗೆ ಹಿಡಿದು ಕಾಯಿಸುವುದು ಆ ತೇವ ಓಡಿಸಲು. 1950ರ ದಶಕದಲ್ಲಿ ಅಮೆರಿಕದಲ್ಲಿ ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯ ಹೆಡ್‌ಗಳು ಬಂದವು. ಡ್ರಮ್ ವಾದಕ ರೆಮೋ ಬೆಲ್ಲಿ 1957ರಲ್ಲಿ ಶುರುಮಾಡಿದ ಕಂಪನಿ ಅವನ್ನು ಲೋಕಕ್ಕೆಲ್ಲ ಹಂಚಿತು. ಮಂಗಳೂರಿನ ಮಳೆಗಾಲಕ್ಕೂ ಮೈಲಾರ್ ಜಗ್ಗುವುದಿಲ್ಲ. ಆದರೆ ಏಟಿಗೆ ಹಿಗ್ಗುತ್ತದೆ, ಅದುರಿ ಅದುರಿ ಬೋಲ್ಟುಗಳೂ ಸಡಿಲಾಗುತ್ತವೆ. ಹೊಸ ಹೆಡ್ ಹಾಕಿದ ದಿನ ಬಿಗಿ ಮಾಡಿ ಮುಗಿಯಿತೆನ್ನಬೇಡಿ, ಮರುದಿನ ಇನ್ನೊಮ್ಮೆ ಸುತ್ತು ತಟ್ಟಿ. ನಡುವೆ ಕುಳಿ ಬಿದ್ದ ಹೆಡ್‌ನಲ್ಲಿ ಬಿಗಿತ ಎಂದೂ ಸಮವಾಗದು, ಎಷ್ಟು ತಿರುವಿದರೂ ಏರಿಳಿತ ಉಳಿದೇ ಇರುತ್ತದೆ. ಅಂಥದ್ದನ್ನು ತೆಗೆದು ಬೇರೆ ಹಾಕಬೇಕು. ಆಗ ಕೆಳಗಿನ ಹೆಡ್ಡನ್ನೂ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಏಟು ಬೀಳದೆ ಹೊಸದರಂತೆ ಕಂಡರೂ, ವರ್ಷಗಟ್ಟಲೆ ಎಳೆತದಲ್ಲೇ ಇದ್ದು ಅದೂ ಜಗ್ಗಿರಬಹುದು.